ಕಾರಿಗೆ ಚಳಿಯೆನಿಸಿದ ದಿನ

ಕಲಬುರಗಿಯ ಬೇಸಗೆಯನ್ನು ಕಂಡವರಿಗೆ ಅದರ ವರ್ಣನೆ ಬೇಕಿಲ್ಲ. ಕಾಣದವರಿಗೆ ವರ್ಣಿಸಿದರೂ ಅದು ಪೂರ್ತಿ ತಿಳಿಯುವಂಥದಲ್ಲ. ಮೇ ತಿಂಗಳ ಮಧ್ಯಾಹ್ನದಲ್ಲಿ ಇಲ್ಲಿಯ ಗಾಳಿಯ ಉಷ್ಣತೆ ೪೦ ಡಿಗ್ರಿ ಸೆಂಟಿಗ್ರೇಡನ್ನು ದಾಟುವುದು ಪ್ರತಿವರ್ಷದ ಅನುಭವ. ಅಂಥದೊಂದು ಮಧ್ಯಾಹ್ನ ನಾನು ನನ್ನ ದೊಡ್ಡವ್ವನನ್ನು ಕಾರಿನಲ್ಲಿ ಕೂಡಿಸಿಕೊಂಡು ಕಲಬುರಗಿಯಿಂದ ಕಮಲಾಪುರಕ್ಕೆ ಹೊರಟಿದ್ದೆ. ಎಪ್ಪತ್ತು ದಾಟಿದ ಆಕೆಗೆ ಅದೇ ತಾನೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿತ್ತು. ಧೂಳು ಸೋಕದಂತೆ ನೋಡಿಕೊಳ್ಳಬೇಕೆಂದು ವೈದ್ಯರು ಎರಡು ಸಲ ಹೇಳಿ ಕಳಿಸಿದ್ದರು. ಆದುದರಿಂದ ಕಾರಿನ ಗಾಜುಗಳನ್ನೆಲ್ಲ ಏರಿಸಿ, ತಂಪುಯಂತ್ರವನ್ನು ೨೪ ಡಿಗ್ರಿಗೆ ನಿಲ್ಲಿಸಿ, ಹುಮನಾಬಾದಿನ ರಸ್ತೆಯನ್ನು ಹಿಡಿದೆ.

ಊರು ದಾಟುವಷ್ಟರಲ್ಲಿಯೇ ಏನೋ ಸರಿಯಿಲ್ಲವೆನಿಸಿತು. ಕಿಂಡಿಗಳಿಂದ ಬರುತ್ತಿದ್ದ ಗಾಳಿ ತಂಪಾಗಿರಲಿಲ್ಲ. ಬರಬರುತ್ತ ಅದು ಬಿಸಿಯೇ ಆಯಿತು. ನಾನು ೨೪ ಇದ್ದುದನ್ನು ೨೦ಕ್ಕೆ ಇಳಿಸಿದೆ. ಫಲವಾಗಲಿಲ್ಲ. ಮಹಾಗಾಂವ ಸಮೀಪಿಸುವ ವೇಳೆಗೆ ದೊಡ್ಡವ್ವ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, "ತಮ್ಮಾ, ತಂಪಿನ ಮಷೀನು ಅಂತೀ, ಒಲಿ ಮುಂದ ಕುಂತಂಗ ಆಗ್ಲಕತ್ತದಲ್ಲೋ!" ಎಂದಳು. ಆಕೆಯ ಮಾತಿನಲ್ಲಿ ಅತಿಶಯೋಕ್ತಿಯಿರಲಿಲ್ಲ. ಕಾರು ನಿಜವಾಗಿಯೂ ತನ್ನ ಒಲೆಯನ್ನು ಹೊತ್ತಿಸಿತ್ತು.

ಗಾಜು ಇಳಿಸಿದರೆ ಎರೆಮಣ್ಣಿನ ಧೂಳು ಆಕೆಯ ಕಣ್ಣಿಗೆ. ಏರಿಸಿದರೆ ಒಳಗಿನ ಬೇಗೆ ಆಕೆಯ ಜೀವಕ್ಕೆ. ಇದು ಉತ್ಪ್ರೇಕ್ಷೆಯಲ್ಲ. ನಮ್ಮ ಶರೀರದ ಉಷ್ಣತೆ ಸುಮಾರು ೩೭ ಡಿಗ್ರಿ. ಸುತ್ತಣ ಗಾಳಿ ಅದಕ್ಕಿಂತ ಬಿಸಿಯಾದಾಗ ಉಷ್ಣವು ಶರೀರದಿಂದ ಹೊರಗೆ ಹರಿಯುವುದಕ್ಕೆ ಬದಲು ಹೊರಗಿನಿಂದ ಶರೀರಕ್ಕೆ ಹರಿಯುತ್ತದೆ. ಆಗ ಉಳಿಯುವ ದಾರಿ ಬೆವರು ಆರುವುದೊಂದೇ. ಒಂದು ಗ್ರಾಂ ಬೆವರು ಆರುವಾಗ ಸುಮಾರು ೫೮೦ ಕ್ಯಾಲೊರಿ ಉಷ್ಣವನ್ನು ಒಯ್ಯುತ್ತದೆ. ವೃದ್ಧರಲ್ಲಿ ಬೆವರುವ ಶಕ್ತಿಯೂ ಬಾಯಾರಿಕೆಯ ಅರಿವೂ ಕಡಮೆ. ಶರೀರದ ಒಳಗಣ ಉಷ್ಣತೆ ೪೦ ಡಿಗ್ರಿಯನ್ನು ಮೀರಿ ಬುದ್ಧಿ ಮಂಕಾಯಿತೆಂದರೆ ಅದು ಪ್ರಾಣಾಪಾಯದ ಸ್ಥಿತಿ. ನಾನು ಒಂದು ಬೇವಿನ ಮರದ ನೆರಳಿನಲ್ಲಿ ಕಾರು ನಿಲ್ಲಿಸಿ, ಗಾಳಿಯ ಯಂತ್ರವನ್ನು ಸಂಪೂರ್ಣವಾಗಿ ಆರಿಸಿ, ದೊಡ್ಡವ್ವನಿಗೆ ನೀರು ಕುಡಿಸಿ, ಕುತ್ತಿಗೆಗೆ ಒದ್ದೆಬಟ್ಟೆ ಸುತ್ತಿದೆ. ಆಕೆಯ ಕಣ್ಣಿಗೆ ಕಪ್ಪು ಕನ್ನಡಕದ ಮೇಲೆ ಬಟ್ಟೆಯನ್ನು ಇಳಿಬಿಟ್ಟು, ದೂರದ ಒಂದು ಗಾಜನ್ನು ಮಾತ್ರ ನಾಲ್ಕು ಬೆರಳು ಇಳಿಸಿ, ನಿಧಾನವಾಗಿ ಕಮಲಾಪುರವನ್ನು ಮುಟ್ಟಿಸಿದೆ. ಮನೆಯ ತಂಪಿನಲ್ಲಿ ಮಜ್ಜಿಗೆ ಕುಡಿದು ಮಲಗಿದ ಆಕೆ ಸಂಜೆಗೆ ಚೇತರಿಸಿಕೊಂಡಳು. ನನಗೆ ಮಾತ್ರ ಆ ರಾತ್ರಿ ನಿದ್ರೆ ಬರಲಿಲ್ಲ. ಉಷ್ಣಶಾಸ್ತ್ರವನ್ನು ಪಾಠ ಹೇಳುವವನ ಕಾರಿನಲ್ಲಿಯೇ ಹೀಗಾಗಬೇಕೆ?

ಹಂಡೆಯ ನೀರೂ ಕಾರಿನ ಗಾಳಿಯೂ

ಮೇ ತಿಂಗಳಲ್ಲಿ ಕಾರಿನೊಳಗೆ ಬಿಸಿಗಾಳಿ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ನೋಡೋಣ. ಕಾರಿನ ಎಂಜಿನ್ನು ಉರಿಸುವ ಇಂಧನದ ಶಕ್ತಿಯಲ್ಲಿ ಬಹುಭಾಗ ಉಷ್ಣವಾಗಿ ವ್ಯಯವಾಗುತ್ತದೆ. ಅದನ್ನು ಹೊರಗೆ ಸಾಗಿಸಲು ಎಂಜಿನ್ನಿನ ಸುತ್ತ ನೀರು ಹರಿಯುತ್ತಿರುತ್ತದೆ. ಕಾದ ಎಂಜಿನ್ನಿನಲ್ಲಿ ಈ ನೀರಿನ ಉಷ್ಣತೆ ೯೦ ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಇದೇ ನೀರಿನ ಒಂದು ಕವಲನ್ನು ಮುಂಭಾಗದ ಹಲಗೆಯ ಹಿಂದೆ ಇರುವ ಚಿಕ್ಕ ಕೊಳವೆಜಾಲದ ಮೂಲಕ ಹಾಯಿಸಿರುತ್ತಾರೆ. ಅದೇ ಹೀಟರು. ಅದರ ಮೇಲೆ ಬೀಸಿ ಬಂದ ಗಾಳಿ ಬಿಸಿಯಾಗುತ್ತದೆ. ಘಟ್ಟವೇರುವಾಗ ಎಂಜಿನ್ನು ಮಿತಿಮೀರಿ ಕಾದರೆ ಹಳೆಯ ಚಾಲಕರು ಹೀಟರನ್ನು ಪೂರ್ತಿ ತೆರೆಯುತ್ತಿದ್ದುದು ಈ ಕಾರಣಕ್ಕಾಗಿಯೇ: ಎಂಜಿನ್ನಿನ ಉಷ್ಣ ಸ್ವಲ್ಪಮಟ್ಟಿಗೆ ಈ ದಾರಿಯಿಂದಲೂ ಹೊರಬೀಳುತ್ತದೆ.

ತಂಪುಯಂತ್ರದ ಕೊಳವೆಜಾಲ ಬೇರೆಯೇ ಇದೆ. ಗಾಳಿ ಮೊದಲು ಅದನ್ನು ಹಾದು ತಣ್ಣಗಾಗುತ್ತದೆ. ಅನಂತರ ಅದರ ಮುಂದೆ ಒಂದು ಸಣ್ಣ ಕದವಿರುತ್ತದೆ. ಕದ ಒಂದು ಕಡೆಗೆ ವಾಲಿದರೆ ತಣ್ಣನೆಯ ಗಾಳಿ ನೇರವಾಗಿ ನಮ್ಮತ್ತ ಬರುತ್ತದೆ. ಇನ್ನೊಂದು ಕಡೆಗೆ ವಾಲಿದರೆ ಅದೇ ಗಾಳಿ ಹೀಟರನ್ನು ಹಾದು ಕಾದು ಬರುತ್ತದೆ. ನಡುವೆ ನಿಂತರೆ ಎರಡೂ ಬೆರೆಯುತ್ತವೆ. ಬಚ್ಚಲಮನೆಯಲ್ಲಿ ಹಂಡೆಯ ಬಿಸಿನೀರಿಗೆ ತಣ್ಣೀರನ್ನು ಬೆರೆಸಿಕೊಳ್ಳುವುದಿಲ್ಲವೆ? ಇದೂ ಹಾಗೆಯೇ. ಸ್ವಯಂಚಾಲಿತ ವ್ಯವಸ್ಥೆಯಿರುವ ಕಾರಿನಲ್ಲಿ ಈ ಕದವನ್ನು ಒಂದು ಪುಟ್ಟ ಮೋಟಾರು ತಿರುಗಿಸುತ್ತದೆ. ಮೋಟಾರಿಗೆ ಒಂದು ನಿಯಂತ್ರಕ ಅಪ್ಪಣೆ ಕೊಡುತ್ತದೆ. ಪ್ರಯಾಣಿಕ ಒಮ್ಮೆ ಉಷ್ಣತೆಯನ್ನು ಗೊತ್ತುಮಾಡಿದರೆ ಉಳಿದುದನ್ನು ಕಾರೇ ನೋಡಿಕೊಳ್ಳುವಂಥ ಏರ್ಪಾಡನ್ನು ಅಮೆರಿಕದ ಕ್ಯಾಡಿಲಾಕ್ ಕಾರುಗಳು ೧೯೬೪ರಲ್ಲಿ 'ಕಂಫರ್ಟ್ ಕಂಟ್ರೋಲ್' ಎಂಬ ಹೆಸರಿನಿಂದ ತಂದವು. ಇಂದು ನಮ್ಮ ದೇಶದ ಮಧ್ಯಮ ಬೆಲೆಯ ಅನೇಕ ಕಾರುಗಳಲ್ಲಿಯೂ ಅದು ಕಾಣಸಿಗುತ್ತದೆ.

ಇಲ್ಲೊಂದು ವಿಷಯವನ್ನು ಗಮನಿಸಬೇಕು. ಸ್ನಾನ ಮಾಡುವವನು ಕೈಯಿಂದ ನೀರನ್ನು ಮುಟ್ಟಿ ನೋಡುತ್ತಾನೆ. ನಿಯಂತ್ರಕಕ್ಕೆ ಕೈಯಿಲ್ಲ. ಒಳಗಾಳಿಯ ಉಷ್ಣತೆಯೆಷ್ಟು ಎಂಬುದನ್ನು ಅದಕ್ಕೆ ಮತ್ತಾರಾದರೂ ತಿಳಿಸಬೇಕು. ಆ ದೂತನೇ ಉಷ್ಣಸಂವೇದಕ. ದೂತ ತಂದ ಸುದ್ದಿ ಸುಳ್ಳಾದರೆ ನಿಯಂತ್ರಕ ಎಷ್ಟು ಚುರುಕಾಗಿದ್ದರೂ ವ್ಯರ್ಥ. ಅದರ ಚುರುಕುತನವೇ ಅನಾಹುತಕ್ಕೆ ದಾರಿ.

ಥರ್ಮಿಸ್ಟರು

ಕಾರಿನ ಮುಂಭಾಗದ ಹಲಗೆಯಲ್ಲಿ ಸಣ್ಣ ಜಾಲರಿಯೊಂದನ್ನು ನೀವು ಕಂಡಿರಬಹುದು. ಅದರ ಹಿಂದೆ ಕಾಳುಮೆಣಸಿಗಿಂತಲೂ ಚಿಕ್ಕದಾದ ಒಂದು ಮಣಿಯಿರುತ್ತದೆ. ಮ್ಯಾಂಗನೀಸ್, ನಿಕಲ್, ಕೋಬಾಲ್ಟ್ ಮುಂತಾದ ಲೋಹಗಳ ಆಕ್ಸೈಡುಗಳನ್ನು ಬೆರೆಸಿ, ಕುಂಬಾರನು ಮಡಕೆಯನ್ನು ಸುಡುವಂತೆ ಆವಿಗೆಯಲ್ಲಿ ಸುಟ್ಟು ಇದನ್ನು ತಯಾರಿಸುತ್ತಾರೆ. ಇದರ ಹೆಸರು ಥರ್ಮಿಸ್ಟರು.

ತಾಮ್ರದಂಥ ಲೋಹವನ್ನು ಕಾಯಿಸಿದರೆ ಅದರ ವಿದ್ಯುತ್ ರೋಧ ಹೆಚ್ಚುತ್ತದೆ, ಅದೂ ಡಿಗ್ರಿಗೆ ನೂರಕ್ಕೆ ೦.೪ರಷ್ಟು ಮಾತ್ರ. ಥರ್ಮಿಸ್ಟರಿನ ನಡತೆ ಇದಕ್ಕೆ ತದ್ವಿರುದ್ಧ. ಅದು ಅರೆವಾಹಕ, ಬಿಸಿಯೇರಿದಂತೆಲ್ಲ ಅದರೊಳಗೆ ವಿದ್ಯುತ್ತನ್ನು ಸಾಗಿಸಲು ಸಿದ್ಧವಾದ ಕಣಗಳಿಗೆ ಚಲನೆ ಸುಲಭವಾಗುವುದರಿಂದ ರೋಧ ಇಳಿಯುತ್ತದೆ, ಅದೂ ಸಾಮಾನ್ಯ ಉಷ್ಣತೆಯಲ್ಲಿ ಡಿಗ್ರಿಗೆ ನೂರಕ್ಕೆ ೪ಕ್ಕಿಂತ ಹೆಚ್ಚಾಗಿ. ಈ ವಿಚಿತ್ರವನ್ನು ಬೆಳ್ಳಿಯ ಸಲ್ಫೈಡಿನಲ್ಲಿ ಮೊದಲು ಕಂಡವನು ಮೈಕೇಲ್ ಫ್ಯಾರಡೆ, ೧೮೩೩ರಲ್ಲಿ. ಆದರೆ ಅದು ಉಪಯುಕ್ತ ಉಪಕರಣವಾಗಲು ಸುಮಾರು ನೂರು ವರ್ಷ ಕಾಯಬೇಕಾಯಿತು; ೧೯೩೦ರ ಸುಮಾರಿಗೆ ಅಮೆರಿಕದ ಸ್ಯಾಮ್ಯುಯೆಲ್ ರೂಬೆನ್ ಅದನ್ನು ಬಳಕೆಗೆ ತಂದನು.

ನನ್ನ ಕಾರಿನ ಥರ್ಮಿಸ್ಟರಿನ ರೋಧ ೨೫ ಡಿಗ್ರಿಯಲ್ಲಿ ೧೦,೦೦೦ ಓಮ್. ಸೊನ್ನೆ ಡಿಗ್ರಿಯಲ್ಲಿ ಅದು ಸುಮಾರು ೩೩,೦೦೦ ಓಮ್; ೪೦ ಡಿಗ್ರಿಯಲ್ಲಿ ೫,೩೦೦; ೫೦ ಡಿಗ್ರಿಯಲ್ಲಿ ೩,೬೦೦. ಕಾರಿನಿಂದ ಕಾರಿಗೆ ಈ ಅಂಕಿಗಳು ಬೇರೆಯಾಗುತ್ತವೆ. ಇಳಿಯುವ ಕ್ರಮ ಮಾತ್ರ ಒಂದೇ. ನಿಯಂತ್ರಕವು ತನ್ನಲ್ಲಿರುವ ಇನ್ನೊಂದು ೧೦,೦೦೦ ಓಮಿನ ರೋಧಕದೊಡನೆ ಇದನ್ನು ಸಾಲಾಗಿ ಜೋಡಿಸಿ, ಎರಡಕ್ಕೂ ಸೇರಿ ೫ ವೋಲ್ಟನ್ನು ಕೊಟ್ಟು, ಥರ್ಮಿಸ್ಟರಿನ ಪಾಲಿಗೆ ಎಷ್ಟು ವೋಲ್ಟ್ ಬಂತೆಂದು ಅಳೆಯುತ್ತದೆ. ೨೫ ಡಿಗ್ರಿಯಲ್ಲಿ ಇಬ್ಬರಿಗೂ ಸಮಪಾಲು, ಎಂದರೆ ೨.೫ ವೋಲ್ಟ್. ೪೦ ಡಿಗ್ರಿಯಲ್ಲಿ ಥರ್ಮಿಸ್ಟರಿನ ಪಾಲು ಸುಮಾರು ೧.೭ ವೋಲ್ಟ್, ಸೊನ್ನೆಯಲ್ಲಿ ಸುಮಾರು ೩.೮ ವೋಲ್ಟ್. ತಂತಿ ಪೂರ್ತಿ ಕಡಿದುಹೋದರೆ ಪೂರಾ ೫ ವೋಲ್ಟ್. ಎರಡು ತಂತಿಗಳು ಒಂದಕ್ಕೊಂದು ತಗುಲಿಕೊಂಡರೆ ಸೊನ್ನೆ. ಈ ಎರಡು ಕೊನೆಗಳು ಅಸಂಭವವೆಂದು ನಿಯಂತ್ರಕಕ್ಕೆ ಗೊತ್ತು. ಆಗ ಅದು ಸಂವೇದಕವನ್ನು ನಂಬದೆ ದೋಷವೆಂದು ಬರೆದಿಟ್ಟುಕೊಳ್ಳುತ್ತದೆ. ಅಪಾಯವಿರುವುದು ಈ ಎರಡರ ನಡುವೆ, ನಂಬಬಹುದಾದಂಥ ಸುಳ್ಳಿನಲ್ಲಿ.

ಊಹೆಗಳೂ ಪರೀಕ್ಷೆಗಳೂ

ನಾನು ಮೂರು ಊಹೆಗಳನ್ನು ಬರೆದುಕೊಂಡೆ. ಒಂದು: ತಂಪುಯಂತ್ರದ ಅನಿಲ ಸೋರಿ ಕಡಮೆಯಾಗಿರಬಹುದು. ಎರಡು: ಬೆರಕೆಯ ಕದ ಹೀಟರಿನ ಕಡೆಗೆ ಸಿಕ್ಕಿಹಾಕಿಕೊಂಡಿರಬಹುದು. ಮೂರು: ಉಷ್ಣತೆಯ ಸುದ್ದಿಯೇ ತಪ್ಪಾಗಿರಬಹುದು.

ಇವುಗಳಲ್ಲಿ ಎರಡನ್ನು ಒಂದೇ ಪರೀಕ್ಷೆಯಿಂದ ತಳ್ಳಿಹಾಕಬಹುದಾಗಿತ್ತು. ನನ್ನ ಕಾರಿನಂತೆ ಅನೇಕ ಕಾರುಗಳಲ್ಲಿ ಉಷ್ಣತೆಯ ಗುಂಡಿಯನ್ನು ತೀರ ಕೆಳಗಿನ ಕೊನೆಗೆ ತಂದರೆ ನಿಯಂತ್ರಕವು ಸಂವೇದಕದ ಮಾತನ್ನು ಕೇಳುವುದೇ ಇಲ್ಲ. ಕದವನ್ನು ಪೂರ್ತಿ ತಂಪಿನ ಕಡೆಗೆ ದೂಡಿಬಿಡುತ್ತದೆ. ಮರುದಿನ ಬೆಳಿಗ್ಗೆ ಕಮಲಾಪುರದ ಮನೆಯ ಮುಂದೆಯೇ ಹಾಗೆ ಮಾಡಿದೆ. ಕೂಡಲೆ ತಣ್ಣನೆಯ ಗಾಳಿ ಬೀಸಿತು! ಗುಂಡಿಯನ್ನು ಮತ್ತೆ ೨೪ಕ್ಕೆ ತಂದೆ. ಕೆಲವು ನಿಮಿಷಗಳಲ್ಲಿ ಬಿಸಿಗಾಳಿ. ಎಂದ ಮೇಲೆ ಅನಿಲವೂ ಇದೆ, ಕದವೂ ತಿರುಗುತ್ತಿದೆ. ಯಂತ್ರಕ್ಕೆ ಶಕ್ತಿಯಿದೆ, ಅದರ ತಿಳುವಳಿಕೆ ಮಾತ್ರ ಕೆಟ್ಟಿದೆ. ಹಿಂದಿನ ದಿನ ರಸ್ತೆಯಲ್ಲಿ ೨೦ಕ್ಕೆ ನಿಲ್ಲಿಸದೆ ಕೊನೆಯವರೆಗೂ ಇಳಿಸಿದ್ದರೆ ದೊಡ್ಡವ್ವ ತಂಪಾಗಿ ಊರು ಸೇರುತ್ತಿದ್ದಳು. ಗಾಬರಿಯಲ್ಲಿ ಅದು ಹೊಳೆಯಲಿಲ್ಲ.

ಕಲಬುರಗಿಗೆ ಮರಳಿ ಪರಿಚಿತವಾದ ಒಂದು ಗ್ಯಾರೇಜಿಗೆ ಹೋದೆ. ಅಲ್ಲಿಯ ಮೆಕ್ಯಾನಿಕ್ ಇಪ್ಪತ್ತೈದರ ತರುಣ. "ಸರ್, ಗ್ಯಾಸ್ ಕಮ್ಮಿ ಆಗಿರ್ತದ. ತುಂಬಿಸಿಬಿಡ್ರಿ, ಸರಿ ಹೋಗ್ತದ," ಎಂದನು. ಬೆಳಗಿನ ಪರೀಕ್ಷೆಯನ್ನು ಅವನೆದುರು ಮಾಡಿ ತೋರಿಸಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ ಅನಿಲದ ಒತ್ತಡವನ್ನು ಅಳೆದನು. ಅದು ಸರಿಯಾಗಿಯೇ ಇತ್ತು. ಅನಂತರ ಕಾರಿಗೆ ದೋಷಗಳನ್ನು ಓದುವ ಯಂತ್ರವನ್ನು ಜೋಡಿಸಿದನು. ದೋಷವೊಂದೂ ದಾಖಲಾಗಿರಲಿಲ್ಲ. ಆದರೆ ಅದೇ ಯಂತ್ರದಲ್ಲಿ ಸಂವೇದಕಗಳ ಆ ಕ್ಷಣದ ಅಳತೆಗಳನ್ನೂ ನೋಡಬಹುದು. ಒಳಗಾಳಿಯ ಉಷ್ಣತೆ: ೧೫ ಡಿಗ್ರಿ! ನಾವಿಬ್ಬರೂ ಬೆವರೊರೆಸಿಕೊಂಡು ನಕ್ಕೆವು. ನನ್ನ ಪಾದರಸದ ಉಷ್ಣತಾಮಾಪಕ ಅದೇ ಕಾರಿನೊಳಗೆ ೪೦ ಡಿಗ್ರಿ ತೋರಿಸುತ್ತಿತ್ತು. ಕಲಬುರಗಿಯ ಮೇ ತಿಂಗಳಲ್ಲಿ ಕಾರು ಚಳಿಯಿಂದ ನಡುಗುತ್ತಿತ್ತು. ನಮ್ಮ ಮೇಲಿನ ಕರುಣೆಯಿಂದ ಹೀಟರನ್ನು ತೆರೆದಿತ್ತು.

"ಹಂಗಾರ ಸೆನ್ಸರ್ ಹೋಗ್ಯದ್ರಿ ಸರ್. ಹೊಸಾದು ಹಾಕೋಣ," ಎಂದನು ತರುಣ. ಸಂವೇದಕವೇ ಅಪರಾಧಿಯೆಂದು ತೋರುವುದು ಸಹಜ. ಆದರೆ ವಿಚಾರಣೆಯಿಲ್ಲದೆ ಶಿಕ್ಷೆ ಕೂಡದು. ನಾವು ಸಂವೇದಕವನ್ನು ಪ್ಲಗ್ಗಿನಿಂದ ಬಿಡಿಸಿ ಹೊರತೆಗೆದು, ತೆಳುವಾದ ಪ್ಲಾಸ್ಟಿಕ್ ಚೀಲದೊಳಗಿಟ್ಟು, ಪುಡಿ ಮಾಡಿದ ಮಂಜುಗಡ್ಡೆಯೂ ನೀರೂ ಬೆರೆತ ಲೋಟದಲ್ಲಿ ಇಳಿಬಿಟ್ಟೆವು. ಅಂಥ ಮಿಶ್ರಣದ ಉಷ್ಣತೆ ಸೊನ್ನೆ ಡಿಗ್ರಿಯಲ್ಲಿ ಸ್ಥಿರವಾಗಿ ನಿಲ್ಲುತ್ತದೆ. ಬಡವನಿಗೂ ಎಟಕುವ ನಿಖರವಾದ ಅಳತೆಗೋಲು ಅದು. ಕೆಲವು ನಿಮಿಷಗಳ ನಂತರ ಮಲ್ಟಿಮೀಟರು ೩೩,೦೦೦ ಓಮಿನ ಸಮೀಪ ತೋರಿಸಿತು. ೩೮ ಡಿಗ್ರಿಯಿದ್ದ ಗ್ಯಾರೇಜಿನ ಗಾಳಿಯಲ್ಲಿ ೫,೭೦೦ ಓಮ್. ೫೦ ಡಿಗ್ರಿಯ ಬಿಸಿನೀರಿನಲ್ಲಿ ೩,೬೦೦ ಓಮ್. ಮೂರೂ ಸರಿ. ಆರೋಪಿ ನಿರ್ದೋಷಿ!

ಹಾಗಾದರೆ ತಪ್ಪು ದಾರಿಯಲ್ಲಿರಬೇಕು, ಇಲ್ಲವೇ ನಿಯಂತ್ರಕದಲ್ಲಿರಬೇಕು. ನಾನು ನಮ್ಮ ಪ್ರಯೋಗಶಾಲೆಯಿಂದ ತಂದಿದ್ದ ೧೦,೦೦೦ ಓಮಿನ ಸಾಧಾರಣ ರೋಧಕವನ್ನು ಸಂವೇದಕದ ಸ್ಥಾನದಲ್ಲಿ ಪ್ಲಗ್ಗಿಗೆ ಸಿಕ್ಕಿಸಿದೆ. ನ್ಯಾಯವಾಗಿ ನಿಯಂತ್ರಕವು ಅದನ್ನು ೨೫ ಡಿಗ್ರಿಯೆಂದು ಓದಬೇಕು. ಓದಿದ್ದು ಸುಮಾರು ೧೦ ಡಿಗ್ರಿ. ೧೦ ಡಿಗ್ರಿಯೆಂದರೆ ಸುಮಾರು ೨೦,೦೦೦ ಓಮ್. ಎಂದ ಮೇಲೆ ದಾರಿಯಲ್ಲಿ ಎಲ್ಲಿಯೋ ೧೦,೦೦೦ ಓಮಿಗಿಂತ ತುಸು ಹೆಚ್ಚಿನ ರೋಧ ಬೇಡದ ಅತಿಥಿಯಂತೆ ಬಂದು ಕುಳಿತಿದೆ. ಪ್ಲಗ್ಗನ್ನು ಅಲುಗಾಡಿಸಿದರೆ ಅಂಕಿಯೂ ಅಲುಗಾಡುತ್ತಿತ್ತು.

ಆ ಅತಿಥಿಯನ್ನು ಕಣ್ಣಿಂದ ಕಂಡುಹಿಡಿದವನು ನಾನಲ್ಲ, ಆ ತರುಣ. ದೀಪವನ್ನು ಹಿಡಿದು ಪ್ಲಗ್ಗಿನ ರಂಧ್ರದೊಳಗೆ ನೋಡಿ, "ಸರ್, ಇಲ್ಲಿ ನೋಡ್ರಿ, ಹಸರ್ ಕಿಲುಬು," ಎಂದನು. ಹಿಂದಿನ ಮಳೆಗಾಲದಲ್ಲಿ ಮುಂಗಾಜಿನ ಅಂಚಿನಿಂದ ನೀರು ಜಿನುಗಿದ್ದುದು ಆಗ ನೆನಪಾಯಿತು. ಆ ನೀರು ತಂತಿಯ ಗುಂಟ ಇಳಿದು ಪ್ಲಗ್ಗಿನೊಳಗಿನ ತಾಮ್ರಮಿಶ್ರಿತ ಮೊಳೆಯನ್ನು ಕಿಲುಬಿಸಿತ್ತು. ಹುಣಿಸೆಹಣ್ಣಿಲ್ಲದೆ ಬಿಟ್ಟ ತಾಮ್ರದ ತಂಬಿಗೆಗೆ ಆಗುವುದೇ ಅದಕ್ಕೂ ಆಗಿತ್ತು.

ಸುಳ್ಳಿನ ಲೆಕ್ಕ

ಈಗ ಲೆಕ್ಕ ಹಾಕಿ ನೋಡೋಣ. ಕಿಲುಬಿನ ರೋಧ ೧೦,೫೦೦ ಓಮ್ ಎಂದಿಟ್ಟುಕೊಳ್ಳಿ. ಒಳಗಾಳಿ ೪೦ ಡಿಗ್ರಿಯಿದ್ದಾಗ ಥರ್ಮಿಸ್ಟರಿನದು ೫,೩೦೦. ಎರಡೂ ಸೇರಿ ೧೫,೮೦೦ ಓಮ್. ನಿಯಂತ್ರಕದ ಪಟ್ಟಿಯಲ್ಲಿ ಇದು ೧೫ ಡಿಗ್ರಿ. ಯಂತ್ರ ತೋರಿಸಿದ್ದೂ ಅದನ್ನೇ. ಹೀಟರಿನಿಂದ ಒಳಗಾಳಿ ೫೦ ಡಿಗ್ರಿಗೆ ಏರಿತೆನ್ನಿ: ಆಗ ೩,೬೦೦ ಮತ್ತು ೧೦,೫೦೦ ಸೇರಿ ೧೪,೧೦೦ ಓಮ್, ನಿಯಂತ್ರಕ ಅದನ್ನು ಸುಮಾರು ೧೭ ಡಿಗ್ರಿಯೆಂದು ತಿಳಿಯುತ್ತದೆ. ನಾನು ರಸ್ತೆಯಲ್ಲಿ ಗೊತ್ತುಮಾಡಿದ ೨೦ ಡಿಗ್ರಿಯನ್ನು ಅದು ಒಪ್ಪಬೇಕಾದರೆ ಒಟ್ಟು ರೋಧ ೧೨,೫೦೦ಕ್ಕೆ ಇಳಿಯಬೇಕು, ಎಂದರೆ ಥರ್ಮಿಸ್ಟರಿನದು ೨,೦೦೦ಕ್ಕೆ. ಅದಕ್ಕೆ ಒಳಗಾಳಿ ಸುಮಾರು ೬೬ ಡಿಗ್ರಿಯನ್ನು ಮುಟ್ಟಬೇಕು! ಮೊದಲು ಇಟ್ಟಿದ್ದ ೨೪ ಡಿಗ್ರಿಯ ಮಾತು ಇನ್ನೂ ಘೋರ. ೨೪ ಡಿಗ್ರಿಗೆ ಸಲ್ಲುವ ರೋಧ ೧೦,೪೬೦ ಓಮ್. ಕಿಲುಬಿನ ರೋಧವೊಂದೇ ಅದಕ್ಕಿಂತ ಹೆಚ್ಚು. ಆದುದರಿಂದ ಒಳಗೆ ಎಂಥ ಬೆಂಕಿ ಬಿದ್ದರೂ ಆ ಕಾರು ೨೪ ಡಿಗ್ರಿಯಾಯಿತೆಂದು ಎಂದಿಗೂ ನಂಬುತ್ತಿರಲಿಲ್ಲ. ಹೊರಗಾಳಿಯ ಸಂವೇದಕವೂ ಬಿಸಿಲಿನ ಸಂವೇದಕವೂ ತಮ್ಮ ಮಾತನ್ನು ಸೇರಿಸುತ್ತವೆಯಾದ್ದರಿಂದ ನಿಜವಾದ ನಡತೆ ಇಷ್ಟು ಸರಳವಲ್ಲ. ಆದರೆ ದೋಷದ ತಿರುಳು ಇದೇ.

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ಈ ಕಿಲುಬು ಒಂದು ದಿನದಲ್ಲಿ ಬೆಳೆದುದಲ್ಲ. ಅದು ೨,೦೦೦ ಓಮ್ ಇದ್ದಾಗಲೇ ೩೦ ಡಿಗ್ರಿಯ ಗಾಳಿಯನ್ನು ನಿಯಂತ್ರಕ ೨೫ ಎಂದು ಓದುತ್ತಿದ್ದಿರಬೇಕು. ಫೆಬ್ರವರಿಯಿಂದ ಈಚೆಗೆ ಕಾರು ಯಾಕೋ ಸಾಕಷ್ಟು ತಂಪಾಗುತ್ತಿಲ್ಲವೆಂದು ನಾನೇ ೨೬ ಇದ್ದುದನ್ನು ೨೫ಕ್ಕೆ, ೨೪ಕ್ಕೆ ಇಳಿಸುತ್ತ ಬಂದಿದ್ದೆ. ಬಿಸಿಲು ಹೆಚ್ಚಾಗಿದೆಯೆಂದು ಸಮಾಧಾನ ಹೇಳಿಕೊಂಡಿದ್ದೆ. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯೊಬ್ಬ ಅಂಕಿಗಳನ್ನು ಹೀಗೆ ತಿದ್ದಿಕೊಂಡು ಬಂದರೆ ನಾನು ಗದರಿಸುತ್ತೇನೆ. ಅಳತೆಯೊಂದು ನಿಧಾನವಾಗಿ ದಾರಿ ತಪ್ಪುತ್ತಿರುವಾಗ ನಾವು ಅದಕ್ಕೆ ಹೊಂದಿಕೊಳ್ಳುತ್ತ ಹೋದರೆ, ಕಾರಣವನ್ನು ಹುಡುಕುವ ಸಮಯವನ್ನು ಕಳೆದುಕೊಳ್ಳುತ್ತೇವೆ.

ವಿದ್ಯಾರ್ಥಿಗಳಿಗೆ ಕೆಲವು ಮಾತು

ಪ್ಲಗ್ಗಿನ ಮೊಳೆಗಳನ್ನು ಬದಲಿಸಿದ ಮೇಲೆ ಅದೇ ೧೦,೦೦೦ ಓಮಿನ ರೋಧಕವನ್ನು ನಿಯಂತ್ರಕ ೨೫ ಡಿಗ್ರಿಯೆಂದೇ ಓದಿತು. ಹಳೆಯ ಸಂವೇದಕವೇ ಮರಳಿ ತನ್ನ ಸ್ಥಾನವನ್ನೇರಿತು. ಮುಂಗಾಜಿನ ಅಂಚನ್ನೂ ಮುಚ್ಚಿಸಿದೆ. ಕಾರಣವನ್ನು ಉಳಿಸಿ ಕಾರ್ಯವನ್ನು ಮಾತ್ರ ಅಳಿಸಿದರೆ ಪ್ರಯೋಜನವಿಲ್ಲ. ಹೊಸ ಸಂವೇದಕವನ್ನು ಕೊಂಡಿದ್ದರೆ ಹಣವೂ ಹೋಗಿ ದೋಷವೂ ಉಳಿಯುತ್ತಿತ್ತು.

ಈ ಪ್ರಯೋಗವನ್ನು ನೀವೂ ಮಾಡಬಹುದು. ೧೦,೦೦೦ ಓಮಿನ ಥರ್ಮಿಸ್ಟರು ವಿದ್ಯುತ್ ಸಾಮಾನುಗಳ ಅಂಗಡಿಯಲ್ಲಿ ಅಲ್ಪ ಬೆಲೆಗೆ ಸಿಗುತ್ತದೆ. ಮಂಜುಗಡ್ಡೆಯ ನೀರಿನಿಂದ ತೊಡಗಿ ಬಿಸಿನೀರಿನವರೆಗೆ ಅದರ ರೋಧವನ್ನು ಅಳೆದು ನಕ್ಷೆ ಬರೆಯಿರಿ. ಅದು ಸರಳರೇಖೆಯಲ್ಲವೆಂಬುದು ಕೂಡಲೆ ಕಾಣುತ್ತದೆ. ಆಮೇಲೆ ಅದಕ್ಕೆ ಸಾಲಾಗಿ ಒಂದು ರೋಧಕವನ್ನು ಸೇರಿಸಿ, ಮೊದಲಿನ ನಕ್ಷೆಯಿಂದಲೇ ಉಷ್ಣತೆಯನ್ನು ಓದಿರಿ. ನನ್ನ ಕಾರಿಗಾದ ಭ್ರಮೆ ನಿಮ್ಮ ಮೇಜಿನ ಮೇಲೆಯೇ ಆಗುತ್ತದೆ. ಅಳೆಯುವಾಗ ಮಣಿಯನ್ನು ಬೆರಳಿನಿಂದ ಹಿಡಿಯಬೇಡಿ. ನಿಮ್ಮ ಕೈಯ ಉಷ್ಣತೆಯನ್ನು ಅದು ಹೇಳತೊಡಗುತ್ತದೆ. ಕಾರಿನಲ್ಲಿ ರೋಧವನ್ನು ಅಳೆಯುವುದಾದರೆ ಸಂವೇದಕವನ್ನು ಪ್ಲಗ್ಗಿನಿಂದ ಬಿಡಿಸಿದ ಮೇಲೆಯೇ ಅಳೆಯಬೇಕು. ಇಲ್ಲವಾದರೆ ನಿಯಂತ್ರಕದ ವಿದ್ಯುತ್ತು ಅಳತೆಯನ್ನು ಕೆಡಿಸುತ್ತದೆ. ಒಳಗಾಳಿಯ ಸಂವೇದಕದ ಜಾಲರಿಗೆ ಧೂಳು ಕಟ್ಟಿಕೊಂಡರೆ ಅದರ ಬಳಿಗೆ ಹೊಸ ಗಾಳಿ ಬರುವುದಿಲ್ಲ. ನಮ್ಮ ಸೀಮೆಯಲ್ಲಿ ಇದನ್ನು ಮೊದಲು ನೋಡುವುದು ಒಳ್ಳೆಯದು. ಗಾಳಿಚೀಲಗಳ ತಂತಿಗಳು ಅದೇ ಹಲಗೆಯ ಹಿಂದೆ ಇರುವುದರಿಂದ ಬಿಚ್ಚುವ ಕೆಲಸವನ್ನು ತಿಳಿದವರಿಗೆ ಬಿಡುವುದೇ ಕ್ಷೇಮ.

ಮುಂದಿನ ವಾರ ದೊಡ್ಡವ್ವನನ್ನು ಕಣ್ಣಿನ ಮರುಪರೀಕ್ಷೆಗೆ ಕರೆತರಲು ಕಮಲಾಪುರಕ್ಕೆ ಹೋದೆ. ಗಾಜುಗಳೇರಿದ್ದವು, ಗುಂಡಿ ೨೬ರಲ್ಲಿತ್ತು, ಪಾದರಸವೂ ೨೬ರ ಸಮೀಪದಲ್ಲಿತ್ತು. ಆಕೆ ಊರಿನ ಹೆಸರಾದ ಕೆಂಪು ಬಾಳೆಯ ಹಣ್ಣುಗಳನ್ನು ಚೀಲದಲ್ಲಿ ತುಂಬಿಕೊಂಡು ಹತ್ತಿದಳು. ಮಹಾಗಾಂವದ ಬೇವಿನ ಮರ ದಾಟಿದಾಗ, "ಏನಾಗಿತ್ತೋ ತಮ್ಮಾ ಅದಕ್ಕ?" ಎಂದು ಕೇಳಿದಳು. "ಅದಕ್ಕ ಚಳಿ ಹತ್ತಿತ್ತು ದೊಡ್ಡವ್ವ, ಕಿಲುಬು ಹಿಡಿದಿತ್ತು," ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ತಂಬಗಿ ಆದ್ರ ದಿನಾ ತಿಕ್ತೀವಿ," ಎಂದಳು. ಅರ್ಧ ಹಣ್ಣುಗಳು ಆ ಗ್ಯಾರೇಜಿನ ತರುಣನಿಗೆ ಸಂದವು.